ಒಂದೇ ಗಣಕಯಂತ್ರದಲ್ಲಿ ಮೂರು ಪೈಥಾನ್: ಅಜ್ಜನ ಕಡತಗಳಿಗಾಗಿ ಒಂದು ಚಳಿಗಾಲ

ಸೋಲ್ನಾದಲ್ಲಿ ನವೆಂಬರ್ ಕೊನೆಯ ವೇಳೆಗೆ ಮಧ್ಯಾಹ್ನ ಮೂರರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮುಂದೂಡುತ್ತ ಬಂದ ಕೆಲಸಗಳಿಗೆ ಇಂತಹ ದೀರ್ಘ ಸಂಜೆಗಳಲ್ಲಿ ಕೈ ಹಾಕುವುದು ಇಲ್ಲಿ ನೆಲೆಸಿರುವ ನಮ್ಮಂತಹ ಕುಟುಂಬಗಳ ವಾಡಿಕೆ. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಅಂತಹ ಒಂದು ಕೆಲಸದ ವೃತ್ತಾಂತವನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ. ಒಂದೇ ಪ್ರೋಗ್ರಾಮಿಂಗ್ ಭಾಷೆಯ ಹಲವು ಆವೃತ್ತಿಗಳನ್ನು ಒಂದೇ ಗಣಕಯಂತ್ರದಲ್ಲಿ ಇರಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ನಮ್ಮನ್ನು ಆ ಕೆಲಸಕ್ಕೆ ಹಚ್ಚಿದ್ದು ಶರಾವತಿಯಲ್ಲಿ ಮುಳುಗಿದ ಒಂದು ಊರು.

ನಮ್ಮ ಮಕ್ಕಳ ಅಜ್ಜ ಸಾಗರ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಅವರು ಹುಟ್ಟಿ ಬೆಳೆದ ಊರು ಹಿನ್ನೀರಿನ ಪಾಲಾಯಿತು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೇಳುತ್ತದೆ. ಅದನ್ನು ನೋಡಿ ಬಂದ ದಿನ ಅಜ್ಜ ಯಾರೊಡನೆಯೂ ಮಾತನಾಡುತ್ತಿರಲಿಲ್ಲವೆಂದು ಅಜ್ಜಿ ಹೇಳುವುದುಂಟು. ನಿವೃತ್ತಿಯ ನಂತರ, 2004ರಿಂದ 2009ರವರೆಗೆ, ಆ ಊರಿನ ಮನೆಗಳು, ಗದ್ದೆಗಳ ಹೆಸರುಗಳು, ಕಾಲುದಾರಿಗಳು, ಭೂತಪ್ಪನ ಕಟ್ಟೆ, ಯಾವ ಮನೆಯವರು ಎಲ್ಲಿಗೆ ಹೋಗಿ ನೆಲೆಸಿದರೆಂಬ ವಿವರ ಎಲ್ಲವನ್ನೂ ಅವರು ನುಡಿ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿ 41 ಕಡತಗಳಲ್ಲಿ ಉಳಿಸಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜಿಯ ಅಪೇಕ್ಷೆ ಒಂದೇ ಆಗಿತ್ತು: ವರ್ಷಾಂತಿಕಕ್ಕೆ ಬರುವವರ ಕೈಗೆ ಆ ಬರಹ ಪುಸ್ತಕವಾಗಿ ಸಿಗಬೇಕು. ಆ ಊರನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರೆಲ್ಲ ಈಗ ಎಪ್ಪತ್ತರ ಆಚೆಯವರು. ಇನ್ನೂ ಕಾಯುವಂತಿರಲಿಲ್ಲ.

ಕಡತಗಳನ್ನು ಇಲ್ಲಿ ತೆರೆದಾಗ ಕಂಡದ್ದು ರೋಮನ್ ಅಕ್ಷರಗಳ ನೆತ್ತಿಯ ಮೇಲೆ ಟೋಪಿ, ಚುಕ್ಕೆಗಳನ್ನಿಟ್ಟಂತಹ ಚಿಹ್ನೆಗಳ ರಾಶಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಪದ್ಧತಿಯಲ್ಲಿ ಉಳಿಯುತ್ತಿದ್ದುದು ಅಕ್ಷರದ ಗುರುತಲ್ಲ, ಅದರ ಆಕಾರದ ತುಣುಕುಗಳು. ಅಲ್ಲಿ ‘ಮ’ ಎಂಬುದು ಸ್ವತಂತ್ರ ಅಕ್ಷರವೇ ಅಲ್ಲ. ‘ವ’ಕಾರಕ್ಕೆ ಕೊಂಬು ಅಂಟಿಸಿದ ಚಿತ್ರ. ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡಲಾಗುತ್ತಿತ್ತು. ಯುನಿಕೋಡಿನಲ್ಲಾದರೋ ಉಚ್ಚಾರದ ಕ್ರಮದಂತೆ ರೇಫ ಮೊದಲು ಬರಬೇಕು. ಹಳೆಯ ಫಾಂಟನ್ನು ಅಳವಡಿಸಿ ನೇರವಾಗಿ ಮುದ್ರಿಸಬಹುದಿತ್ತು, ದಿಟ. ಆದರೆ ಊರಿನ ನೆಂಟರ ಮೊಬೈಲುಗಳಲ್ಲಿ ಅದನ್ನು ಓದಲಾಗದು, ಒಂದು ಹೆಸರನ್ನು ಹುಡುಕಲಾಗದು.

ಇಂತಹ ಬರಹವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಹಲವುಂಟು. ನಮ್ಮಲ್ಲಿ ಅವುಗಳಿಗಿಂತ ಬೆಲೆಯುಳ್ಳದ್ದೊಂದಿತ್ತು. 2012ರಲ್ಲಿ ನೆಂಟರ ಹುಡುಗನೊಬ್ಬ ಅಜ್ಜನ ಪಕ್ಕದಲ್ಲೇ ಕುಳಿತು, ಅವರ ಬೆರಳಚ್ಚಿನ ರೂಢಿಗಳನ್ನೂ ಅವರು ಬಳಸಿದ ಸ್ಥಳನಾಮಗಳನ್ನೂ ಪಟ್ಟಿಮಾಡಿಕೊಂಡು ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದ. ಮೊದಲ ಆರು ಕಡತಗಳ ಪರೀಕ್ಷೆ ಮುಗಿಯುವಷ್ಟರಲ್ಲಿ ಅವನಿಗೆ ಬೇರೆಡೆ ಉದ್ಯೋಗ ದೊರೆತು ಕೆಲಸ ನಿಂತಿತ್ತು. ಆ ಪ್ರೋಗ್ರಾಂ ಪೈಥಾನಿನ ಎರಡನೆಯ ಆವೃತ್ತಿಗೆ ಬರೆದದ್ದು. ನಮ್ಮ ಯಂತ್ರದಲ್ಲಿದ್ದದ್ದು ಮೂರನೆಯದು ಮಾತ್ರ.

ಪೈಥಾನ್ 3 ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಎರಡನೆಯದಕ್ಕೆ ನೀಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿತು, 2.7.18 ಅದರ ಕಡೆಯ ಬಿಡುಗಡೆ. ಇವೆರಡರ ನಡುವಿನ ಬಹುದೊಡ್ಡ ಭೇದ ನಮ್ಮಂತಹ ಲಿಪಿಗಳಿಗೆ ಸಂಬಂಧಿಸಿದ್ದೇ ಆಗಿದೆ. ‘ಕನ್ನಡ’ ಎಂಬ ಪದವನ್ನು ಕೊಟ್ಟು ಅದರ ಉದ್ದವನ್ನು ಕೇಳಿದರೆ, ಹಳೆಯ ಪೈಥಾನ್ ಸಾಮಾನ್ಯ ಪಠ್ಯವನ್ನು ಬೈಟುಗಳ ಸಾಲೆಂದು ಬಗೆದು 15 ಎನ್ನುತ್ತದೆ. ಹೊಸದು ಯುನಿಕೋಡ್ ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ: ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೊಂದು ನ, ಡ. ಓದುವ ಮಗುವಾದರೋ ಮೂರೇ ಅಕ್ಷರ ಎನ್ನುತ್ತದೆ. ಅಜ್ಜನ ಪ್ರೋಗ್ರಾಮಿನ ಪಟ್ಟಿಗಳೆಲ್ಲವೂ ಬೈಟುಗಳ ಲೆಕ್ಕದಲ್ಲಿ ಹೆಣೆದವು.

ಅದನ್ನೇ ಹೊಸ ಆವೃತ್ತಿಗೆ ತಿದ್ದಬಾರದೇಕೆ ಎಂದು ಮನೆಯಲ್ಲಿ ಚರ್ಚೆ ನಡೆಯಿತು. ಮೇಲ್ಮೈಯ ತಿದ್ದುಪಡಿಗಳು ಸುಲಭ. ತಪ್ಪಿದ್ದರೆ ಪ್ರೋಗ್ರಾಂ ನಿಂತುಬಿಡುತ್ತದೆ, ನಮಗೆ ತಿಳಿಯುತ್ತದೆ. ನಿಲ್ಲದೆ ಮುಂದುವರಿದು ಒಂದು ಗದ್ದೆಯ ಹೆಸರಿನ ಒತ್ತನ್ನು ಮೆಲ್ಲನೆ ಕಳೆದುಬಿಡುವ ದೋಷವೇ ಭಯಂಕರ. ನೀರಿನಡಿಯ ಗದ್ದೆಗೆ ಹೋಗಿ ಹೆಸರು ಕೇಳಿ ಬರುವಂತಿಲ್ಲ. ಆದ್ದರಿಂದ ಬರೆದವನು ಹೇಗೆ ಬರೆದಿದ್ದನೋ ಹಾಗೆಯೇ, ಅದು ಹುಟ್ಟಿದ ಆವೃತ್ತಿಯಲ್ಲೇ ಅದನ್ನು ನಡೆಸುವುದೆಂದು ನಿರ್ಧರಿಸಿದೆವು.

ಅದೇ ಲ್ಯಾಪ್‌ಟಾಪಿಗೆ ಬೇರೆ ಹೊಣೆಗಳೂ ಇದ್ದವು. ಸ್ವೀಡನ್ನಿನ ಶಾಲಾ ಪಠ್ಯಕ್ರಮದಲ್ಲಿ 2018ರಿಂದ ಗಣಿತ ಮತ್ತು ತಂತ್ರಜ್ಞಾನ ವಿಷಯಗಳೊಳಗೆ ಪ್ರೋಗ್ರಾಮಿಂಗ್ ಸೇರಿರುವುದನ್ನು ಬಲ್ಲಿರಿ. ಮಗನ ಪಾಠಕ್ಕೆ ಪೈಥಾನ್ 3.13 ಬೇಕು. ನಾವು ನೋಡಿಕೊಳ್ಳುವ ಸದಸ್ಯರ ಪಟ್ಟಿಯ ಪ್ರೋಗ್ರಾಂ 3.8ರಲ್ಲಿ ನಡೆಯುವಂಥದ್ದು; ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಭಾಗವನ್ನು 3.12ರಲ್ಲಿ ತೆಗೆದುಹಾಕಿರುವುದರಿಂದ ಅದು ಹೊಸದರಲ್ಲಿ ಏಳುವುದೇ ಇಲ್ಲ. ಇವಲ್ಲದೆ ಲಿನಕ್ಸ್ ತನ್ನ ಸ್ವಂತ ಕೆಲಸಗಳಿಗೆಂದು ಇರಿಸಿಕೊಂಡಿರುವ ಪೈಥಾನ್ ಬೇರೆ. ಅದನ್ನು ಅಲುಗಿಸಿದರೆ ಇಡೀ ಯಂತ್ರವೇ ಮುನಿಸಿಕೊಳ್ಳಬಹುದು.

ಇಷ್ಟು ಮಂದಿ ಒಂದೇ ಹೆಸರಿನವರು ಒಂದೇ ಮನೆಯಲ್ಲಿದ್ದರೆ ಕರೆದಾಗ ಓಗೊಡುವವರು ಯಾರು? ಕೂಡುಕುಟುಂಬದ ಮನೆಯಲ್ಲಿ ಮೂವರು ರಾಮಣ್ಣಂದಿರಿದ್ದರೆ ಜಗಲಿಗೆ ಹತ್ತಿರ ಕುಳಿತವನೇ ‘ಓ’ ಎನ್ನುತ್ತಾನೆ. ಗಣಕಯಂತ್ರದಲ್ಲೂ ಹಾಗೆಯೇ. ‘ಪಾತ್’ ಎಂಬ ಪಟ್ಟಿಯಲ್ಲಿ ಫೋಲ್ಡರುಗಳ ಹೆಸರುಗಳು ಸಾಲಾಗಿರುತ್ತವೆ. ಯಂತ್ರ ಮೊದಲಿನಿಂದ ಹುಡುಕುತ್ತ ಹೋಗಿ, ಮೊದಲು ಸಿಕ್ಕಿದ ಪೈಥಾನನ್ನೇ ಎಬ್ಬಿಸುತ್ತದೆ. ಆವೃತ್ತಿಗಳ ನಿರ್ವಹಣೆಯೆಂದರೆ ಯಾವ ಹೊತ್ತಿಗೆ ಯಾರು ಜಗಲಿಯಲ್ಲಿ ಕೂರಬೇಕೆಂಬ ಏರ್ಪಾಡು, ಅಷ್ಟೇ.

ಆ ಏರ್ಪಾಡಿಗೆ ನಾವು ಬಳಸಿದ್ದು ಪೈಎನ್ವ್ ಎಂಬ ಮುಕ್ತ ತಂತ್ರಾಂಶ. ಪ್ರತಿ ಆವೃತ್ತಿಯನ್ನೂ ಅದು ಪ್ರತ್ಯೇಕ ಕೋಣೆಯಲ್ಲಿರಿಸಿ, ತಾನು ಬಾಗಿಲಲ್ಲಿ ನಿಲ್ಲುತ್ತದೆ. ಪ್ರತಿ ಕೆಲಸದ ಫೋಲ್ಡರಿನಲ್ಲಿ ಆವೃತ್ತಿಯ ಸಂಖ್ಯೆಯನ್ನು ಬರೆದ ಒಂದು ಪುಟ್ಟ ಕಡತವಿದ್ದರೆ ಸಾಕು. ಆ ಫೋಲ್ಡರಿಗೆ ಹೋದೊಡನೆ ಅದೇ ಆವೃತ್ತಿ ಓಗೊಡುತ್ತದೆ. ನಮ್ಮ ವಸತಿ ಸಮುಚ್ಚಯದ ತ್ವೆಟ್‌ಸ್ಟೂಗವನ್ನು ನೆನೆಯಿರಿ: ಬಟ್ಟೆ ಒಗೆಯುವ ಯಂತ್ರ ಎಲ್ಲರಿಗೂ ಒಂದೇ, ಹಲಗೆಯ ಮೇಲೆ ಯಾರ ಬೀಗ ಸಿಕ್ಕಿಸಿದೆಯೋ ಆ ಹೊತ್ತು ಅವರದು, ಒಬ್ಬರ ಬಟ್ಟೆ ಇನ್ನೊಬ್ಬರದರೊಡನೆ ಬೆರೆಯದು. ಒಂದೊಂದು ಕೆಲಸಕ್ಕೆ ಬೇಕಾದ ಲೈಬ್ರರಿಗಳನ್ನೂ ಹೀಗೆ ಬೇರೆಬೇರೆ ಇಡಲು ಪೈಥಾನ್ 3.3ರಿಂದೀಚೆಗೆ ವೆನ್ವ್ ಎಂಬ ಸೌಲಭ್ಯ ಭಾಷೆಯೊಳಗೇ ಇದೆ. ವಿಂಡೋಸ್ ಬಳಸುವವರಿಗೆ ‘ಪೈ’ ಎಂಬ ಆಜ್ಞೆಯ ಮುಂದೆ ಆವೃತ್ತಿಯ ಸಂಖ್ಯೆ ಸೇರಿಸಿ ಕರೆಯುವ ದಾರಿಯುಂಟು.

ಒಂದು ಎಚ್ಚರಿಕೆಯನ್ನು ಮಾತ್ರ ತಪ್ಪದೆ ಪಾಲಿಸಿದೆವು. 2.7ಕ್ಕೆ ಈಗ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಆದ್ದರಿಂದ ಅದನ್ನು ಅಜ್ಜನ ಕಡತಗಳ ಫೋಲ್ಡರಿನ ಆಚೆಗೆ ಎಲ್ಲಿಯೂ ಬಳಸಲಿಲ್ಲ, ಕೆಲಸ ನಡೆಯುವಾಗ ಅಂತರಜಾಲದ ಸಂಪರ್ಕವನ್ನೂ ಇಟ್ಟುಕೊಳ್ಳಲಿಲ್ಲ.

ಹಳೆಯ ಪೈಥಾನ್ 41 ಕಡತಗಳನ್ನೂ ಕೆಲವೇ ಕ್ಷಣಗಳಲ್ಲಿ ಕನ್ನಡಕ್ಕೆ ತಂದಿತು. ತಿಂಗಳುಗಳು ಹಿಡಿದದ್ದು ಅನಂತರದ ಪರಿಶೀಲನೆಗೆ. ಮಗ ತಾನು ಶಾಲೆಯಲ್ಲಿ ಕಲಿತ ಪೈಥಾನಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದ: ಇಡೀ ಬರಹದಲ್ಲಿ ಒಮ್ಮೆ ಮಾತ್ರ ಬಂದಿರುವ ಪದಗಳನ್ನು ಅದು ಪಟ್ಟಿಮಾಡುತ್ತದೆ. ತಪ್ಪುಗಳು ಅಡಗಿರುವುದು ಅಲ್ಲಿಯೇ. ಅಪರೂಪದ ಹೆಸರುಗಳು ಇರುವುದೂ ಅಲ್ಲಿಯೇ. ಭಾನುವಾರ ಇಲ್ಲಿ ಬೆಳಗಿನ ಹತ್ತು ಗಂಟೆ, ಸಾಗರದಲ್ಲಿ ಮಧ್ಯಾಹ್ನ ಎರಡೂವರೆ. ಅಜ್ಜಿಯ ಊಟವಾದ ಮೇಲೆ ಮಗ ದೂರವಾಣಿಯಲ್ಲಿ ಒಂದೊಂದೇ ಪದವನ್ನು ತಡವರಿಸುತ್ತ ಓದುತ್ತಿದ್ದ. “ಅದು ಹಾಗಲ್ಲ ಮಗಾ, ಅಲ್ಲೊಂದು ಒತ್ತಕ್ಷರ ಇದೆ, ಇನ್ನೊಮ್ಮೆ ಹೇಳು” ಎಂದು ಅಜ್ಜಿ ತಿದ್ದುತ್ತಿದ್ದರು. ಸೋಲ್ನಾ ಸೆಂಟ್ರುಮ್ ಮೆಟ್ರೋ ನಿಲ್ದಾಣದ ಕೆಂಪು-ಹಸಿರು ಗೋಡೆಗಳ ಮೇಲೆ 1970ರ ದಶಕದ ಸ್ವೀಡನ್ನಿನ ಕಾಡುನಾಶ ಮತ್ತು ಬರಿದಾಗುತ್ತಿದ್ದ ಹಳ್ಳಿಗಳ ಚಿತ್ರಗಳಿರುವುದನ್ನು ಬಲ್ಲಿರಿ. ಆ ದಿನಗಳಲ್ಲೊಮ್ಮೆ ಅದನ್ನು ತೋರಿಸಿ, ಅಜ್ಜನ ಊರಿನ ಗೋಡೆಗಳ ಮೇಲೆ ಯಾರಾದರೂ ಚಿತ್ರ ಬರೆದಿದ್ದರೇ ಎಂದು ಮಗ ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ, ಅಜ್ಜಿಯಲ್ಲಿತ್ತು. ಮದುವೆಯ ವರ್ಷ ತಾವು ಬರೆದ ಹಸೆಚಿತ್ತಾರದ ವಿವರವನ್ನು ಅವರು ಅರ್ಧ ಗಂಟೆ ಹೇಳಿದರು. ಅದು ಅಜ್ಜನ ಬರಹದಲ್ಲಿಯೂ ಇರಲಿಲ್ಲ.

ಪುಸ್ತಕದ ಅರವತ್ತು ಪ್ರತಿಗಳು ವರ್ಷಾಂತಿಕದ ವೇಳೆಗೆ ಸಾಗರ ತಲುಪಿದವು. ಅಜ್ಜಿಗೂ ನೆನಪಾಗದ ಹನ್ನೊಂದು ಹೆಸರುಗಳನ್ನು ಇದ್ದಂತೆಯೇ ಮುದ್ರಿಸಿ, ಬಲ್ಲವರು ತಿಳಿಸಬೇಕೆಂದು ಅಡಿಯಲ್ಲಿ ಬರೆದಿದ್ದೇವೆ. ಅವುಗಳಲ್ಲಿ ನಾಲ್ಕಕ್ಕೆ ಈಗಾಗಲೇ ಉತ್ತರ ಬಂದಿದೆ.

ಪೈಥಾನಿನ ಹೊಸ ಆವೃತ್ತಿ ಈಗ ಪ್ರತಿ ಅಕ್ಟೋಬರಿನಲ್ಲಿ ಬರುತ್ತದೆ, ಪ್ರತಿಯೊಂದಕ್ಕೂ ಸುಮಾರು ಐದು ವರ್ಷಗಳ ಆಯುಷ್ಯ. ಹೊಸದನ್ನು ಕಲಿಯದೆ ವಿಧಿಯಿಲ್ಲ, ಹಳೆಯದರಲ್ಲಿ ವಾಸಿಸುವುದೂ ಉಚಿತವಲ್ಲ. ಆದರೆ ಹಳೆಯದರೊಳಗಿರುವುದನ್ನು ಈಚೆಗೆ ತರುವವರೆಗೆ ಅದಕ್ಕೊಂದು ಕೋಣೆಯನ್ನು ಕೊಡಬೇಕು, ಬಾಗಿಲ ಮೇಲೆ ಅದರ ಹೆಸರನ್ನು ಬರೆದಿಡಬೇಕು. ನಮ್ಮ ಸದಸ್ಯರಲ್ಲಿ ಅನೇಕರ ತಂದೆ-ತಾಯಿಯರು ನುಡಿ, ಬರಹಗಳಲ್ಲಿ ಬರೆದಿಟ್ಟದ್ದು ಊರಿನ ಹಳೆಯ ಯಂತ್ರಗಳಲ್ಲಿ, ಪೆನ್ ಡ್ರೈವುಗಳಲ್ಲಿ ಇರಲು ಸಾಕು. ಈ ಸಲ ಊರಿಗೆ ಹೋದಾಗ ಅವುಗಳನ್ನು ಪ್ರತಿ ಮಾಡಿ ತನ್ನಿ. ರಾಜ್ಯೋತ್ಸವದ ದಿನ ಊಟದ ಸಾಲಿನ ಬಳಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಾವು ಕಾದಿರುತ್ತೇವೆ. ಹಿರಿಯರಿಗೆ ಓದಿ ಹೇಳಿ ತಿದ್ದಿಸಿಕೊಳ್ಳುವ ಕೆಲಸವನ್ನು ಮಾತ್ರ ನಿಮ್ಮ ಮಕ್ಕಳಿಗೇ ಬಿಡಿ.