ಕೊಚ್ ಎಂಬ ಊರು, ಕೋಚ್ ಎಂಬ ಮಾತು



ರಜೆಯಲ್ಲಿ ಊರಿಗೆ ಹೊರಟಾಗ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಪಕ್ಕದಲ್ಲಿ ಚೀಲ ಹೊತ್ತುಕೊಂಡು ಓಡಿದ್ದೀರಲ್ಲವೆ? 'ನಮ್ಮ ಕೋಚ್ ಇನ್ನೂ ಮುಂದಿದೆ, ಬೇಗ ಬನ್ನಿ' ಎಂದು ಅಪ್ಪ ಕೂಗುತ್ತಿರುತ್ತಾರೆ. ಮರಳಿ ಬಂದರೆ ಮತ್ತೆ ಕೋಚಿಂಗ್ ಕ್ಲಾಸು. ಸಂಜೆ ಮೈದಾನದಲ್ಲಿ ಕ್ರಿಕೆಟ್ ಕೋಚ್. ಇಷ್ಟು ಸಲ ಬಾಯಿಗೆ ಬರುವ ಈ ಮಾತಿನೊಳಗೆ ಒಂದು ಹಳ್ಳಿಯಿದೆ ಎಂದರೆ ನಂಬುತ್ತೀರಾ? ಬನ್ನಿ, ಆ ಹಳ್ಳಿಗೊಮ್ಮೆ ಹೋಗಿ ಬರೋಣ.

ಹಂಗೆರಿ ದೇಶದ ರಾಜಧಾನಿ ಬುಡಾಪೆಸ್ಟ್. ಅಲ್ಲಿಂದ ಪಶ್ಚಿಮಕ್ಕೆ 70-80 ಕಿಲೋಮೀಟರ್ ಹೋದರೆ ಕೊಚ್ ಎಂಬ ಊರು ಸಿಗುತ್ತದೆ. ನಮ್ಮ ಕೇರಳದ ಕೊಚ್ಚಿಗೂ ಇದಕ್ಕೂ ನಂಟಿಲ್ಲ! ಬುಡಾ ನಗರದಿಂದ ವಿಯೆನ್ನಾಕ್ಕೆ ಹೋಗುವ ಹಳೆಯ ದಾರಿಯ ಮೇಲಿದ್ದುದೇ ಇದರ ಭಾಗ್ಯ. 15ನೇ ಶತಮಾನದಲ್ಲಿ, ಮಾತ್ಯಾಶ್ ದೊರೆಯ ಕಾಲಕ್ಕೆ (1458-1490), ಇಲ್ಲಿಯ ಬಡಗಿಗಳು ಹಗುರವಾದ, ವೇಗವಾಗಿ ಓಡುವ ಕುದುರೆಗಾಡಿಗಳನ್ನು ಕಟ್ಟಿ ಹೆಸರುವಾಸಿಯಾದರು.

ಹಂಗೆರಿಯನ್ ಭಾಷೆಯಲ್ಲಿ ಊರಿನ ಹೆಸರಿಗೆ 'ಇ' ಸೇರಿಸಿದರೆ 'ಆ ಊರಿನ' ಎಂದರ್ಥ. 'ಕೊಚಿ ಸೆಕೇರ್' ಎಂದರೆ ಕೊಚ್ ಊರಿನ ಬಂಡಿ. ಬರಬರುತ್ತಾ 'ಬಂಡಿ' ಬಿದ್ದುಹೋಗಿ ಬರೀ 'ಕೊಚಿ' ಉಳಿಯಿತು. ಇದರಲ್ಲಿ ಸೋಜಿಗವೇನಿಲ್ಲ. ಮುಂಬಯಿ, ಪುಣೆಯಲ್ಲಿರುವ ನೀವು 'ಕೊಲ್ಹಾಪುರಿ' ಎಂದರೆ ಸಾಕು, ಚಪ್ಪಲಿ ಎಂದು ಬಿಡಿಸಿ ಹೇಳಬೇಕೆ? ನಮ್ಮ ಅಥಣಿಯಲ್ಲಿ ಹೊಲಿದ ಜೋಡಿಗೂ ಅದೇ ಹೆಸರು. ಹಾಗೆಯೇ ಬೇರೆ ಊರಿನಲ್ಲಿ ಕಟ್ಟಿದ ಗಾಡಿಯೂ ಕೊಚಿಯೇ ಆಯಿತು.

ಇಂದು ಹಂಗೆರಿಯವರಿಗೆ ಕೊಚಿ ಎಂದರೆ ಕಾರು. ರೈಲಿನ ಡಬ್ಬಿಯೂ ಕೊಚಿ. ಮಗುವನ್ನು ತಳ್ಳಿಕೊಂಡು ಹೋಗುವ ಗಾಡಿ 'ಬಾಬಾಕೊಚಿ'. ಗಾಡಿ ಹೊಡೆಯುವವನು 'ಕೊಚಿಶ್'. ಅದು ಮನೆತನದ ಹೆಸರೂ ಹೌದು. 1954ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ 11 ಗೋಲು ಹೊಡೆದ ಶಾಂಡೋರ್ ಕೊಚಿಶ್ ಹೆಸರಿನಲ್ಲಿ ಈ ಗಾಡಿಯೇ ಕೂತಿದೆ.

ಗಾಡಿಯ ಜೊತೆ ಮಾತೂ ಪ್ರಯಾಣ ಹೊರಟಿತು. ಜರ್ಮನರು ಕುಟ್ಶೆ ಎಂದರು, ಸ್ಪೇನಿನವರು ಕೋಚೆ ಎಂದರು, 16ನೇ ಶತಮಾನದಲ್ಲಿ ಇಂಗ್ಲಿಷರು ಕೋಚ್ ಎಂದರು. 1830ರ ಸುಮಾರಿಗೆ ಆಕ್ಸ್‌ಫರ್ಡಿನ ತುಂಟ ವಿದ್ಯಾರ್ಥಿಗಳು ಪಾಠ ಹೇಳಿಕೊಡುವ ಮೇಷ್ಟ್ರನ್ನೇ ಕೋಚ್ ಎಂದು ಕರೆದರು. ಪರೀಕ್ಷೆಯೆಂಬ ದಾರಿಯನ್ನು ದಾಟಿಸುವ ಗಾಡಿಯಲ್ಲವೇ ಅವರು! ಆಮೇಲೆ ಆಟ ಕಲಿಸುವವರಿಗೂ ಅದೇ ಹೆಸರು ಬಂತು. ರೈಲು ಬಂದಾಗ ಡಬ್ಬಿಗೂ ಅಂಟಿಕೊಂಡಿತು. ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಬೋರ್ಡಿನಲ್ಲಿಯೂ ಆ ಪುಟ್ಟ ಹಳ್ಳಿ ಇದೆ.

ಇದನ್ನೆಲ್ಲ ಈಗೇಕೆ ಹೇಳಿದೆ ಗೊತ್ತೆ? ನಮ್ಮ ಮಗ ಕಾಲೇಜಿನ ಅರ್ಜಿ ತುಂಬುವಾಗ ಹೆಸರಿನ ಮೊದಲ ಇನಿಷಿಯಲ್ ಬಿಟ್ಟುಬಿಟ್ಟ. 'ಅದು ಯಾವುದೋ ಊರಂತೆ, ಯಾರಿಗೆ ಬೇಕಮ್ಮಾ' ಎಂದ. ಗದರಿಸಲು ಹೋದೆ. 'ಹಾಗಾದರೆ ಆ ಊರು ಎಲ್ಲಿದೆ ಹೇಳು' ಎಂದು ಕೇಳಿದ. ನನಗೆ ಉತ್ತರ ತಿಳಿಯಲಿಲ್ಲ. ಇವರಿಗೂ ಜಿಲ್ಲೆಯಷ್ಟೇ ನೆನಪಿತ್ತು. ಮಾವನವರು ಇದ್ದಾಗ ಕೇಳಿಕೊಳ್ಳಬಹುದಿತ್ತು, ಕೇಳಲಿಲ್ಲ.

ಕುವೆಂಪು ಹೆಸರಿನ 'ಕು' ಎಂದರೆ ತೀರ್ಥಹಳ್ಳಿಯ ಬಳಿಯ ಕುಪ್ಪಳಿ. ನಿಮ್ಮ ಹೆಸರಿನ ಮುಂದೆಯೋ ಹಿಂದೆಯೋ ಅಂಥದೊಂದು ಊರು ಇರಬಹುದು. ಕೊಚ್ ಊರಿನವರನ್ನು ಕೇಳಿ ಯಾರೂ ಅವರ ಹೆಸರನ್ನು ಒಯ್ಯಲಿಲ್ಲ. ಗಾಡಿ ಚೆನ್ನಾಗಿತ್ತು, ಹೆಸರು ಹೋಯಿತು. ನಮ್ಮ ಊರುಗಳ ಹೆಸರನ್ನು ಒಯ್ಯಬೇಕಾದ ಗಾಡಿಗಳು ನೀವೇ.

ಈ ಭಾನುವಾರ ಅಜ್ಜಿಗೆ ಒಂದು ಫೋನು ಮಾಡಿ. ನಮ್ಮ ಇನಿಷಿಯಲ್ಲಿನ ಊರು ಯಾವುದು, ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಾನು ತಡಮಾಡಿದೆ, ನೀವು ಮಾಡಬೇಡಿ.