ಮಧ್ಯಾಹ್ನ ಹವಾ ನೋಡುವುದಿಲ್ಲ

ರಾಯಚೂರಿನಿಂದ ಹೈದರಾಬಾದಿನ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲಗಳು ಶುರುವಾಗುವಲ್ಲಿ, ನಮ್ಮ ಸೋದರಮಾವನ ಟೈರ್ ಅಂಗಡಿ ಇತ್ತು. ತಗಡಿನ ಮಾಡು, ಮುಂದೊಂದು ಬೇವಿನ ಮರ, ಮರಕ್ಕೆ ತೂಗುಬಿಟ್ಟ ಹಳೆಯ ಟೈರು. ಆ ಟೈರಿನ ನಡುವೆ ಮಾವ ಒಂದು ಬೋರ್ಡು ಕಟ್ಟಿದ್ದ: 'ಬ್ಯಾಸಗಿಯಾಗ ಮಧ್ಯಾಹ್ನ ಹವಾ ನೋಡುವುದಿಲ್ಲ.' ಗಾಳಿಗೆ ನಮ್ಮ ಕಡೆ ಹವಾ ಎನ್ನುತ್ತಾರೆ. ಪಂಚರ್ ಅಂಗಡಿಯವನೇ ಹವಾ ನೋಡುವುದಿಲ್ಲ ಎಂದರೆ ಗಿರಾಕಿಗೆ ಸಿಟ್ಟು ಬರದೆ ಇರುತ್ತದೆಯೇ? ಎಷ್ಟೋ ಜನ ಬೈದುಕೊಂಡು ಮುಂದಿನ ಅಂಗಡಿಗೆ ಹೋದರು. ಮಾವ ಬೋರ್ಡು ಇಳಿಸಲಿಲ್ಲ.

ನಾನು ಆ ಅಂಗಡಿಗೆ ಮೊದಲು ಹೋದದ್ದು 1981ರ ಬೇಸಿಗೆ ರಜೆಯಲ್ಲಿ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕುವುದು, ಅಲ್ಲಿ ಕಡ್ಡಿಯಿಂದ ಗುರುತು ಹಾಕುವುದು, ಉಜ್ಜುವುದು, ಸೊಲ್ಯೂಷನ್ ಹಚ್ಚಿ ಊದಿ ಒಣಗಿಸುವುದು ನನ್ನ ಕೆಲಸ. ಪ್ಯಾಚನ್ನು ಬೇಯಿಸುವ ಕೆಲಸ ಮಾತ್ರ ಮಾವನದೇ. ಕಬ್ಬಿಣದ ಒತ್ತುಗದಲ್ಲಿ ಟ್ಯೂಬು ಸಿಕ್ಕಿಸಿ, ಅದರ ಬಟ್ಟಲಿಗೆ ಒಂದಿಷ್ಟು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುತ್ತಿದ್ದ. ಹೊರಗೆ 43 ಡಿಗ್ರಿ ಬಿಸಿಲು, ಒಳಗೆ ಆ ಬೆಂಕಿ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಊರು ನಮ್ಮದು. ಎರಡೂ ಕಡೆ ಹೊಳೆ ಇದ್ದರೂ ಏಪ್ರಿಲ್-ಮೇ ತಿಂಗಳಲ್ಲಿ ಹಗಲು ಹನ್ನೊಂದರ ಮೇಲೆ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ. ಗಾಳಿ 42-43 ಡಿಗ್ರಿ ಇದ್ದಾಗ ಡಾಂಬರು 60 ದಾಟಿರುತ್ತದೆ. ಚಪ್ಪಲಿ ಅಂಟುವ ರಸ್ತೆ ಅದು.

ಬೋರ್ಡಿನ ಅರ್ಥ ನನಗೆ ತಿಳಿದದ್ದು 1983ರ ಮೇ ತಿಂಗಳಲ್ಲಿ, ನನ್ನದೇ ತಪ್ಪಿನಿಂದ. ಮಾವ ಊಟಕ್ಕೆ ಹೋಗಿದ್ದ. ಮದುವೆ ಮನೆಯ ಅಂಬಾಸಿಡರ್ ಒಂದು ಬಂದು ನಿಂತಿತು. ದೂರದಿಂದ ಬಂದ ಗಾಡಿ, ಮುಟ್ಟಿದರೆ ಕೈ ಸುಡುವಂಥ ಟೈರು. ಹವಾ ನೋಡು ಎಂದ ಚಾಲಕ. 26 ಪೌಂಡು ಇರಬೇಕಾದಲ್ಲಿ ಗೇಜು 31 ತೋರಿಸಿತು. 'ಜಾಸ್ತಿ ಆಗ್ಯದ, ಬಿಡು' ಎಂದ. ನಾಲ್ಕೂ ಗಾಲಿಯಿಂದ ಹವಾ ಬಿಟ್ಟು ಸರಿಯಾಗಿ 26ಕ್ಕೆ ಇಳಿಸಿದೆ. ಅವನು ಕೊಟ್ಟ ಎಂಟಾಣೆಯನ್ನು ಡಬ್ಬಿಯಲ್ಲಿ ಹಾಕಿದೆ.

ಮರುದಿನ ಅದೇ ಗಾಡಿ ಒಂಬತ್ತು ಜನರನ್ನು ತುಂಬಿಕೊಂಡು ಲಿಂಗಸುಗೂರಿಗೆ ಹೊರಟು, ಸಿರವಾರ ದಾಟಿದ ಮೇಲೆ ಹಿಂದಿನ ಎಡಗಡೆಯ ಟೈರು ಒಡೆಯಿತು. ಗಾಡಿ ಹತ್ತಿ ಹೊಲಕ್ಕೆ ನುಗ್ಗಿ ನಿಂತಿತು. ಮೆತ್ತಗಿನ ಎರೆಮಣ್ಣು, ಯಾರಿಗೂ ಏನೂ ಆಗಲಿಲ್ಲ. ಸಂಜೆ ಒಡೆದ ಟೈರನ್ನು ತಂದು ಅಂಗಡಿಯ ಮುಂದೆ ಒಗೆದರು. ಮಾವ ನನ್ನನ್ನು ಹೊಡೆಯಲಿಲ್ಲ. ಟೈರಿನ ಒಳಮೈಗೆ ನನ್ನ ಕೈ ಹಿಡಿದು ಒತ್ತಿದ. ಕೈಗೆ ಕರಿ ಪುಡಿ ಹತ್ತಿತು. 'ಇದು ರೋಡಿಗೆ ಸತ್ತಿಲ್ಲ ತಮ್ಮಾ, ಒಳಗಿನ ಬಿಸಿಗೆ ಸತ್ತದ' ಎಂದ.

ಆಮೇಲೆ ಕೂತು ಲೆಕ್ಕ ಹೇಳಿದ. ಓಡಿದ ಟೈರಿನ ಒಳಗಿನ ಗಾಳಿ ಕಾದು ಹಿಗ್ಗಿರುತ್ತದೆ. ಪ್ರತಿ ಐದಾರು ಡಿಗ್ರಿ ಬಿಸಿಗೆ ಸುಮಾರು ಒಂದು ಪೌಂಡು ಏರುತ್ತದೆ. ಅದು ಏರಲೇಬೇಕು, ಟೈರು ಮಾಡಿದವನು ಅದನ್ನು ಲೆಕ್ಕ ಹಿಡಿದೇ ಮಾಡಿರುತ್ತಾನೆ. ಬಿಸಿಯಲ್ಲಿ 31 ಇದ್ದದ್ದನ್ನು 26ಕ್ಕೆ ಇಳಿಸಿದರೆ, ರಾತ್ರಿ ಆರಿದ ಮೇಲೆ ಅದೇ ಟೈರಿನಲ್ಲಿ ಉಳಿಯುವುದು 22 ಪೌಂಡು ಮಾತ್ರ. ಹವಾ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಬಿಸಿಯಾಗುತ್ತದಲ್ಲ, ಹಾಗೆಯೇ ರಬ್ಬರೂ ಕಾಯುತ್ತದೆ. ಕಾದಷ್ಟೂ ರಬ್ಬರಿಗೂ ಒಳಗಿನ ನೂಲಿಗೂ ಇರುವ ಹಿಡಿತ ಸಡಿಲುತ್ತದೆ. ಅದರ ಮೇಲೆ ಒಂಬತ್ತು ಜನರ ಭಾರ, ಕೆಳಗೆ ಕಾದ ಡಾಂಬರು. ಹೆಚ್ಚು ಹವಾ ಇದ್ದರೆ ಟೈರು ಒಡೆಯುತ್ತದೆ, ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ ಇಟ್ಟರೆ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆ ಆಗಲೂ ಇತ್ತು, ಈಗಲೂ ಇದೆ. ಇದಕ್ಕಿಂತ ಹೆಚ್ಚು ಟೈರುಗಳನ್ನು ಕೊಂದ ಇನ್ನೊಂದು ನಂಬಿಕೆಯನ್ನು ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ.

ಆಗಿನ ಕಾರಿನ ಟೈರುಗಳು ಹೆಚ್ಚಾಗಿ ನೈಲಾನ್ ಟೈರು. ನೂಲಿನ ಪದರಗಳನ್ನು ಒಂದರ ಮೇಲೊಂದು ಓರೆಯಾಗಿ, ಕತ್ತರಿಯ ಹಾಗೆ ಹಾಸಿರುತ್ತಿದ್ದರು. ಗಾಲಿ ಉರುಳಿದಂತೆ ಆ ಪದರಗಳು ಒಂದಕ್ಕೊಂದು ತಿಕ್ಕಾಡುತ್ತಿದ್ದವು. ನಮ್ಮ ಬಿಸಿಲಿಗೆ ಇದು ಹೇಳಿ ಮಾಡಿಸಿದ ಶತ್ರು. 20 ಸಾವಿರ ಕಿಲೋಮೀಟರ್ ಓಡಿದರೆ ಮಾಲೀಕ ಖುಷಿಯಾಗುತ್ತಿದ್ದ. ಹೂವು, ಅಂದರೆ ರಸ್ತೆಗೆ ತಾಗುವ ಮೈಯ ಅಚ್ಚು, ಸವೆದು ಬೋಳಾದ ಟೈರಿಗೆ ನಾವು 'ಗುಂಡು' ಎನ್ನುತ್ತಿದ್ದೆವು. ಗುಂಡಾದದ್ದನ್ನು ರೀಟ್ರೇಡಿಂಗಿಗೆ ಕಳಿಸುತ್ತಿದ್ದೆವು. ಮೈ ಉಜ್ಜಿ, ಹೊಸ ರಬ್ಬರು ಹೊದಿಸಿ, ಅಚ್ಚಿನಲ್ಲಿ 150 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಬೇಯಿಸುವ ಕೆಲಸ ಅದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಸಿ ಕಂಡುಕೊಂಡ ಗುಣ ಇದರಲ್ಲೂ ಕೆಲಸ ಮಾಡುತ್ತದೆ. ಹಾಗೆ ಬೇಯದ ಹಸಿ ರಬ್ಬರು ನಮ್ಮ ಏಪ್ರಿಲ್ ತಿಂಗಳಲ್ಲಿ ಬೆಲ್ಲದ ಪಾಕದಂತೆ ಅಂಟುತ್ತದೆ. ಸರಿಯಾಗಿ ಉಜ್ಜದೆ, ಅವಸರದಲ್ಲಿ ಬೇಯಿಸಿದ ರೀಟ್ರೇಡು ಬೇಸಿಗೆಯಲ್ಲಿ ಚಕ್ಕೆಯೆದ್ದು ರಸ್ತೆಯ ಮೇಲೆ ಹಾವಿನ ಪೊರೆಯಂತೆ ಬಿದ್ದಿರುತ್ತಿತ್ತು. ಮಾವ ಅಂಥ ತುಂಡುಗಳನ್ನು ಎತ್ತಿ ತಂದು ಯಾವ ಪದರದಲ್ಲಿ ಬಿಟ್ಟುಕೊಂಡಿದೆ ಎಂದು ನೋಡುತ್ತಿದ್ದ.

ಮೈಸೂರಿನ ವಿಕ್ರಾಂತ್ ಟೈರು ನಮ್ಮ ಅಂಗಡಿಗೆ ಬಂದಾಗ ಮಾವನಿಗೆ ಒಂದು ಬಗೆಯ ಅಭಿಮಾನ. ನಮ್ಮ ರಾಜ್ಯದ ಕಂಪನಿ ಎಂದು ಅದನ್ನು ಮುಂದಿನ ಸಾಲಿನಲ್ಲಿ ಇಡುತ್ತಿದ್ದ. 1997ರಲ್ಲಿ ಅದು ಜೆಕೆ ಟೈರ್ ಕಂಪನಿಯವರ ಕೈಗೆ ಹೋಯಿತು.

ಆ ಜೆಕೆಯವರೇ 1977ರಷ್ಟು ಹಿಂದೆ ದೇಶದಲ್ಲಿ ರೇಡಿಯಲ್ ಟೈರು ಶುರುಮಾಡಿದವರು. ನಮ್ಮ ಕಡೆಗೆ ಅದು ತಲುಪುವಾಗ ಮಾರುತಿ ಕಾರುಗಳು ಬಂದಿದ್ದವು, 1985ರಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾಗಿ ಹೊರಗಿನ ಎಂಜಿನಿಯರುಗಳ ಓಡಾಟ ಹೆಚ್ಚಿತ್ತು. ರೇಡಿಯಲ್‌ನಲ್ಲಿ ನೂಲು ಓರೆಯಾಗಿಲ್ಲ, ಈ ಅಂಚಿನಿಂದ ಆ ಅಂಚಿಗೆ ನೇರ. ಹೂವಿನ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿ. ಪದರಗಳ ತಿಕ್ಕಾಟ ಕಡಿಮೆ, ಬಿಸಿ ಕಡಿಮೆ. ಆದರೆ ನೋಡಲಿಕ್ಕೆ ಪಕ್ಕೆ ಹೊಟ್ಟೆಬಿಟ್ಟ ಹಾಗೆ ಇರುತ್ತದೆ. ಮೊದಮೊದಲು ಎಲ್ಲರೂ ಹವಾ ಕಡಿಮೆಯಾಗಿದೆ ಎಂದೇ ತಿಳಿದರು. ಹೊಟ್ಟೆ ಹೋಗುವವರೆಗೆ ತುಂಬಿಸಿಕೊಂಡು ಹೋದವರ ಟೈರು ನಡುವೆ ಮಾತ್ರ ಸವೆದು, ಎರಡು ಅಂಚು ಹೊಸದಾಗಿಯೇ ಉಳಿದು ವಾಪಸು ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಇದಕ್ಕೆ ಉಲ್ಟಾ ಆಯಿತು. ಹೊಟ್ಟೆ ಇದ್ದೇ ಇರುತ್ತದೆ ಎಂದು ಎಲ್ಲರಿಗೂ ರೂಢಿಯಾಯಿತು; 20 ಪೌಂಡಿನ ಟೈರೂ 30 ಪೌಂಡಿನ ಟೈರೂ ಕಣ್ಣಿಗೆ ಒಂದೇ ಥರ ಕಾಣತೊಡಗಿದವು. ನೈಲಾನ್ ಟೈರಿಗೆ ಕಬ್ಬಿಣದ ರಾಡಿನಿಂದ ಬಡಿದು, ಸದ್ದಿನ ಮೇಲೆಯೇ ಹವಾ ಹೇಳುತ್ತಿದ್ದ ಮಾವ, ಕಾರಿನ ರೇಡಿಯಲ್ ಮುಂದೆ ಗೇಜು ಹುಡುಕಬೇಕಾಯಿತು. ಅವನ ಒಂದು ವಿದ್ಯೆ ಹಾಗೆ ಹೋಯಿತು.

ಬಿಸಿಲು ಓಡುವ ಟೈರನ್ನಷ್ಟೇ ತಿನ್ನುವುದಿಲ್ಲ. ನಿವೃತ್ತರಾದ ಅಧಿಕಾರಿಯೊಬ್ಬರು ಪದ್ಮಿನಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಮಗಳ ಊರಿಗೆ ಹೋಗಿ, ಎರಡು ವರ್ಷದ ಮೇಲೆ ಬಂದರು. ಟೈರಿನ ಹೂವು ಹೊಸದರಂತೆ ಇತ್ತು. ಪಕ್ಕೆಯಲ್ಲಿ ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ರಬ್ಬರಿನೊಳಗೆ ಮೇಣದಂಥ ಕಾಪು ಬೆರೆಸಿರುತ್ತಾರೆ. ಗಾಲಿ ಉರುಳಿ ಮೈ ಮಡಚಿ ಬಿಚ್ಚುವಾಗ ಅದು ಹೊರಕ್ಕೆ ಬಂದು ಓಝೋನು, ಬಿಸಿಲುಗಳಿಂದ ಕಾಯುತ್ತದೆ. ನಿಂತ ಗಾಡಿಗೆ ಆ ಕಾಪು ಸಿಗುವುದಿಲ್ಲ. ಮಾವ ಇದನ್ನು ಓದಿ ತಿಳಿದವನಲ್ಲ. 'ನಿಂತ ಗಾಡಿ ಬೇಗ ಮುದಿಯಾಗ್ತದ' ಎಂದಷ್ಟೇ ಹೇಳಿ, ಊರಿಗೆ ಹೋಗುವವರಿಗೆ ಗಾಡಿಯನ್ನು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿ, ಗಾಲಿಗಳಿಗೆ ಗೋಣಿಚೀಲ ಹೊದಿಸಲು ಹೇಳುತ್ತಿದ್ದ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಟೈರು ಒರೆಸಿ ಕಪ್ಪಗೆ ಹೊಳೆಯಿಸುವ ಚಾಳಿ ಕಂಡರೆ ಅವನಿಗೆ ಮೈಯೆಲ್ಲ ಉರಿ. ಎಣ್ಣೆ ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಒಂದು ದಿನದ ಹೊಳಪಿಗೆ ಒಂದು ವರ್ಷದ ಆಯುಷ್ಯ ಹೋಗುತ್ತದೆ.

ಮಾವ ತೀರಿಕೊಂಡ ಮೇಲೆ ಅಂಗಡಿ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಟ್ಯೂಬ್‌ಲೆಸ್ ಬಂದಿತ್ತು. ನೀರಿನ ತೊಟ್ಟಿ ಒಣಗಿತು, ಒತ್ತುಗ ತುಕ್ಕು ಹಿಡಿಯಿತು. ರಸ್ತೆ ಅಗಲವಾಯಿತು, ಕಾರುಗಳು ನೂರರ ಮೇಲೆ ಓಡತೊಡಗಿದವು. ಹಿಂದೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಗಾಡಿ ಈಗ ಆರು ತಿಂಗಳಾದರೂ ಬರುವುದಿಲ್ಲ. ಒಳ್ಳೆಯದೇ ಅಲ್ಲವೇ ಎನ್ನಬಹುದು. ಪಂಚರ್ ತೊಂದರೆ ತಪ್ಪಿದ್ದು ಒಳ್ಳೆಯದೇ. ಆದರೆ ಆ ಹಳೆಯ ಪಂಚರುಗಳ ನೆಪದಲ್ಲಿ ಪ್ರತಿ ಟೈರಿನ ಒಳಮೈಯನ್ನೂ ಒಬ್ಬ ತಿಳಿದವನು ಆಗಾಗ ಕೈಯಾಡಿಸಿ ನೋಡುತ್ತಿದ್ದ. ಆ ಕೈ ಈಗ ಇಲ್ಲ. ಟ್ಯೂಬ್‌ಲೆಸ್ಸಿಗೆ ಮೊಳೆ ಚುಚ್ಚಿದರೆ ಮೊಳೆಯೇ ಬಿರಡೆಯಾಗಿ ಕೂರುತ್ತದೆ, ಹವಾ ವಾರಗಟ್ಟಲೆ ಸಣ್ಣಗೆ ಸೋರುತ್ತದೆ. 33 ಇರಬೇಕಾದ್ದು 18ಕ್ಕೆ ಇಳಿದರೂ ಗಾಡಿ ಓಡುತ್ತದೆ, ಎಸಿ ಹಾಕಿಕೊಂಡು ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ಮೇ ತಿಂಗಳ ಹೆದ್ದಾರಿಯಲ್ಲಿ ಒಂದು ದಿನ ಪಕ್ಕೆ ಹರಿಯುತ್ತದೆ. ಅಂಥ ಟೈರು ಬಿಚ್ಚಿದಾಗೆಲ್ಲ ಒಳಗಿನಿಂದ ಅದೇ ಕರಿ ಪುಡಿ ಉದುರುತ್ತದೆ, 1983ರಲ್ಲಿ ನನ್ನ ಕೈಗೆ ಹತ್ತಿದ್ದು.

ಈಗ ಗಿರಾಕಿಗಳು ಕೇಳುವ ಮೊದಲ ಪ್ರಶ್ನೆ ನೈಟ್ರೋಜನ್ನಿನದು. ನಾವು ತುಂಬುವ ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಪೂರ್ತಿ ಅದನ್ನೇ ತುಂಬಿದರೆ ಸೋರಿಕೆ ಸ್ವಲ್ಪ ನಿಧಾನವಾಗುತ್ತದೆ, ತೇವ ಇರುವುದಿಲ್ಲ, ಅಷ್ಟೇ. ಬಿಸಿಗೆ ಅದೂ ಹಿಗ್ಗುತ್ತದೆ. ನೈಟ್ರೋಜನ್ ಹಾಕಿಸಿದ್ದೇನೆ ಎಂಬ ನೆಮ್ಮದಿಯಲ್ಲಿ ನಾಲ್ಕು ತಿಂಗಳು ಗೇಜು ಮುಟ್ಟದವನಿಗಿಂತ, ಮಾಮೂಲಿ ಹವಾವನ್ನು ಹದಿನೈದು ದಿನಕ್ಕೊಮ್ಮೆ ಮುಂಜಾನೆ ನೋಡಿಸುವವನ ಟೈರು ಹೆಚ್ಚು ಬಾಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರು 8-10 ಸಾವಿರ ಕಿಲೋಮೀಟರಿಗೊಮ್ಮೆ ಗಾಲಿಗಳನ್ನು ಹಿಂದೆಮುಂದೆ ಬದಲಿಸುತ್ತಾರೆ, ಒಂದೇ ಅಂಚು ಸವೆದರೆ ಅಲೈನ್‌ಮೆಂಟ್ ತೋರಿಸುತ್ತಾರೆ, ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸುತ್ತಾರೆ. 45-50 ಸಾವಿರ ಕಿಲೋಮೀಟರ್ ಓಡಿಸಿದವರಿದ್ದಾರೆ, ಇದೇ ರಾಯಚೂರಿನಲ್ಲಿ.

ಬೇವಿನ ಮರ ರಸ್ತೆ ಅಗಲಿಸುವಾಗ ಹೋಯಿತು. ಬೋರ್ಡನ್ನು ಬಣ್ಣ ಹೊಡೆಸಿ ಗೋಡೆಗೆ ಹಾಕಿದ್ದೇನೆ. ಮಧ್ಯಾಹ್ನ ಓಡಿಬಂದ ಗಾಡಿಯಲ್ಲಿ ಹವಾ ಕಡಿಮೆ ಕಂಡರೆ ತುಂಬಿ ಕಳಿಸುತ್ತೇನೆ. ಬಿಸಿಯಲ್ಲೇ ಕಡಿಮೆ ಇದ್ದದ್ದು ಆರಿದ ಮೇಲೆ ಇನ್ನೂ ಕಡಿಮೆ. ಆದರೆ ಹೆಚ್ಚಾಗಿದೆ, ಬಿಡಿ ಎಂದವರಿಗೆ ಬಿಡುವುದಿಲ್ಲ.

ಓದುವವರಲ್ಲಿ ನನ್ನದೊಂದು ಕೇಳಿಕೆ. ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಬಿಸಿಲು ಬೀಳುವ ಮೊದಲು, ಹವಾ ನೋಡಿ. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿದೆ. ಟೈರಿನ ಮೇಲೆ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ, ಅದನ್ನು ಹಿಡಿಯಬೇಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2219 ಎಂದಿದ್ದರೆ ಅದು 2019ರ 22ನೆಯ ವಾರದಲ್ಲಿ ಹುಟ್ಟಿದ ಟೈರು. ನಮ್ಮ ಬಿಸಿಲಲ್ಲಿ ಆರೇಳು ವರ್ಷ ದಾಟಿದ್ದನ್ನು, ಹೂವು ಎಷ್ಟೇ ಚೆನ್ನಾಗಿದ್ದರೂ, ದೂರದ ದಾರಿಗೆ ನಂಬಬೇಡಿ. ನಾಲ್ಕು ಗಾಲಿ ನೋಡಿದ ಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ನೋಡಿ. ಹೋದ ಬೇಸಿಗೆಯಲ್ಲಿ ದಾರಿಯಲ್ಲಿ ನಿಂತು ನನಗೆ ಫೋನು ಮಾಡಿದವರಲ್ಲಿ ಹೆಚ್ಚಿನವರ ಸ್ಟೆಪ್ನಿಯಲ್ಲಿ ಹವಾ ಇರಲಿಲ್ಲ.