ಕೊಕ್ಕೆಯ ತಪ್ಪಲ್ಲ

2024 ಸೆಪ್ಟೆಂಬರ್ 3, ಮಂಗಳವಾರ

ಇವತ್ತು ಕೈಲ್ ಪೊಳ್ದ್, ಕೊಡಗಿನ ಆಯುಧಪೂಜೆಯ ಹಬ್ಬ. ಬೆಳಿಗ್ಗೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಕೋವಿಗಳ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಆಯಿತು. ನಾಟಿಗೆ ಮುಂಚೆ ಒಳಗಿಟ್ಟ ಅಪ್ಪನ ರೈಫಲ್ ಮತ್ತೆ ಕೈಗೆ ಬಂದದ್ದು ಮೂರು ತಿಂಗಳ ಮೇಲೆ. ಅಪ್ಪ ತೀರಿಕೊಂಡಾಗ ಅಂಗಳದಲ್ಲಿ ಎರಡು ಈಡು ಹಾರಿಸಿದ್ದೂ ಇದರಿಂದಲೇ.

ಮಧ್ಯಾಹ್ನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮೊದಲ ಈಡಿಗೇ ಕಾಯಿ ಒಡೆಯಿತು, ಆದರೆ ಖಾಲಿ ತೋಟಾ ಹೊರಗೆ ಬರುವಾಗ ಬೋಲ್ಟ್ ಭಾರ ಅನ್ನಿಸಿತು. ಎರಡನೆಯದಕ್ಕೆ ಅಂಗೈಯಿಂದ ಗುದ್ದಬೇಕಾಯಿತು. ಮೂರನೆಯದಕ್ಕೆ ಹಿಡಿ ಮೇಲೆದ್ದಿತು, ಬೋಲ್ಟ್ ಹಿಂದೆ ಬರಲೊಲ್ಲದು. ಬಲವಾಗಿ ಎಳೆದಾಗ ಟಕ್ ಅಂತ ಬೋಲ್ಟ್ ಒಂದೇ ಬಂತು, ತೋಟಾ ಚೇಂಬರಿನಲ್ಲೇ ಉಳಿಯಿತು.

ಸುತ್ತ ನಿಂತವರೆಲ್ಲರದೂ ಒಂದೇ ಮಾತು: ತೋಟಾವನ್ನು ರಿಮ್ಮು ಹಿಡಿದು ಎಳೆಯುವ ಬೋಲ್ಟಿನ ಕೊಕ್ಕೆ ಸವೆದಿದೆ, ಬದಲಾಯಿಸು. ಒಬ್ಬರು ಸುತ್ತಿಗೆ ತರಲು ಹೊರಟಾಗ ಮಾವ ತಡೆದರು. “ಮೊದಲು ಕೋವಿಯ ಬಾಯಿ ಮಣ್ಣಿನ ದಿಬ್ಬದ ಕಡೆಗೆ ಮಾಡು ಮಗಳೇ. ಒಳಗಿರೋದು ಈಡಾದ ತೋಟಾನೇ ಅಂತ ನೋಡಿಕೋ, ಆಮೇಲೆ ಸಲಾಕೆ.” ಈಡಾಗದ ತೋಟಾ ಸಿಕ್ಕಿಕೊಂಡಿದ್ದರೆ ಬಾಯಿಂದ ಸಲಾಕೆ ಹಾಕಿ ತಳ್ಳುವುದು ಪ್ರಾಣಕ್ಕೇ ಅಪಾಯ. ಮೂರನೆಯ ಈಡಿಗೂ ಕಾಯಿಗೆ ಗುಂಡು ಬಿದ್ದದ್ದನ್ನು ಎಲ್ಲರೂ ಕಂಡಿದ್ದರು. ಟಾರ್ಚ್ ಹಾಕಿದಾಗ ತೋಟಾದ ಕ್ಯಾಪಿನ ಮೇಲೆ ಪಿನ್ನಿನ ಗುಳಿಯೂ ಕಂಡಿತು. ಶುಚಿ ಮಾಡುವ ಸಲಾಕೆಯನ್ನು ನಳಿಗೆಯ ಬಾಯಿಂದ ಇಳಿಸಿ ಮೆಲ್ಲಗೆ ತಟ್ಟಿದಾಗ ತೋಟಾ ಹೊರಗೆ ಬಿತ್ತು.

ಒಂದು ವಿಷಯ ಮರೆಯುವ ಮುಂಚೆ ಬರೆದಿಡುತ್ತೇನೆ. ಇದೇ ಡಬ್ಬಿಯ ತೋಟಾಗಳನ್ನು ಚಿಕ್ಕಪ್ಪನ ಮಗ ತನ್ನ ರೈಫಲಿನಲ್ಲಿ ಹೊಡೆದ. ಅವನ ಬೋಲ್ಟ್ ಎರಡೇ ಬೆರಳಲ್ಲಿ ಎಳೆದರೂ ಬರುತ್ತಿತ್ತು.

ಸೆಪ್ಟೆಂಬರ್ 5, ಗುರುವಾರ

ಮಳೆ ಬಿಟ್ಟಿಲ್ಲ. ತೋಟಕ್ಕೆ ಹೋಗದೆ ಮೂರು ಖಾಲಿ ತೋಟಾಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಕೂತೆ.

ಈ ರೈಫಲ್ .315. ಬ್ರಿಟಿಷರ ಕಾಲದಲ್ಲಿ ಸೇನೆಯ .303 ತೋಟಾ ಜನರ ಕೈಗೆ ಸಿಗಬಾರದೆಂದು ಬೇರೆ ಅಳತೆಯ ಕೋವಿಗಳು ಬಂದವು, ಅವುಗಳಲ್ಲಿ ಇದೂ ಒಂದು. ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ ನಮ್ಮದರ ಒಳಗಿನ ಯಂತ್ರ ಹಳೆಯ ಲೀ–ಎನ್‌ಫೀಲ್ಡಿನದೇ. ಹಿಡಿಯನ್ನು ಮೇಲೆತ್ತುವಾಗಲೇ ಒಂದು ಇಳಿಜಾರು ಮುಖ ಬೋಲ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ಜರುಗಿಸಿ ತೋಟಾವನ್ನು ಗೋಡೆಯಿಂದ ಬಿಡಿಸುತ್ತದೆ. ಅದು ಮೀಟುಗೋಲಿನ ಬಲ. ಆಮೇಲೆ ಹಿಂದಕ್ಕೆಳೆಯುವುದೆಲ್ಲ ನಮ್ಮ ತೋಳಿನ ಬಲ. ಹಾಗಾಗಿ “ಬೋಲ್ಟ್ ಗಟ್ಟಿ” ಅಂದರೆ ಸಾಲದು. ಎತ್ತುವಾಗ ಗಟ್ಟಿಯೋ ಎಳೆಯುವಾಗ ಗಟ್ಟಿಯೋ ಅಂತ ಕೇಳಬೇಕು. ನನ್ನದು ಎತ್ತುವಾಗ ತುಸು, ಎಳೆಯುವಾಗ ಬಹಳ.

ಒತ್ತಡ ಮಿತಿ ಮೀರಿದ್ದರೆ ಕ್ಯಾಪು ಚಪ್ಪಟೆಯಾಗಿ ಅದರ ಅಂಚು ಅದು ಕೂರುವ ಗುಳಿಯ ತುಂಬ ಹರಡಿಕೊಳ್ಳುತ್ತದೆ. ನನ್ನ ಮೂರರಲ್ಲೂ ಕ್ಯಾಪಿನ ಅಂಚು ದುಂಡಗೇ ಇದೆ. ಅಪ್ಪನ ಬಿಸ್ಕತ್ ಡಬ್ಬಿಯಲ್ಲಿ ಇದೇ ರೈಫಲಿನ ಹಳೆಯ ಖಾಲಿ ತೋಟಾಗಳಿದ್ದವು. ವರ್ನಿಯರ್ ಹಿಡಿದು ಬುಡದ ಹತ್ತಿರ ಅಳೆದೆ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿಲ್ಲ. ಅಂದರೆ ತೋಟಾ ಅತಿಯಾಗಿ ಉಬ್ಬಿಲ್ಲ, ಚೇಂಬರೂ ಹಿಗ್ಗಿಲ್ಲ.

ಮೂರನೆಯ ತೋಟಾದ ರಿಮ್ಮಿನಲ್ಲಿ ಕೊಕ್ಕೆ ಕಚ್ಚಿದ ಗಾಯವಿದೆ, ಹಿತ್ತಾಳೆ ಕಿತ್ತು ಬಂದಿದೆ. ಇದನ್ನು ಬಹಳ ಹೊತ್ತು ನೋಡಿದೆ. ಸ್ಪ್ರಿಂಗ್ ಸಡಿಲವಾದ, ಮೂಗು ಸವೆದ ಕೊಕ್ಕೆ ರಿಮ್ಮಿನ ಮೇಲಿಂದ ಸುಮ್ಮನೆ ಜಾರಿಹೋಗುತ್ತದೆ. ಹಿತ್ತಾಳೆಯನ್ನು ಹರಿದು ತಂದಿದೆ ಎಂದರೆ ಕೊನೆಯವರೆಗೂ ಬಿಡದೆ ಎಳೆದಿದೆ ಎಂದೇ ಅರ್ಥ. ಬೋಲ್ಟನ್ನು ಹೊರತೆಗೆದು ಅದರ ಮುಖಕ್ಕೆ ಒಂದು ಖಾಲಿ ತೋಟಾ ಸಿಕ್ಕಿಸಿ ಕುಲುಕಿದೆ. ಬೀಳಲಿಲ್ಲ. ಕೊಕ್ಕೆ ಸರಿಯಾಗಿದೆ. ಎಳೆಯುವವನನ್ನು ಬಿಟ್ಟು ಹಿಡಿದುಕೊಂಡವನನ್ನು ಹುಡುಕಬೇಕು.

ಸೆಪ್ಟೆಂಬರ್ 8, ಭಾನುವಾರ

ಗೌರಿ ಗಣೇಶ ಮುಗಿಯಿತು. ಇವತ್ತು ಬಿಡುವು.

ಮೂರೂ ತೋಟಾಗಳ ಮೈಯಲ್ಲಿ, ಬುಡದಿಂದ ಒಂದು ಬೆರಳಗಲ ಮೇಲೆ, ಒಂದೇ ಜಾಗದಲ್ಲಿ ಉದ್ದುದ್ದ ಗೀರುಗಳಿವೆ. ಸುತ್ತಲೂ ಇಲ್ಲ, ಒಂದು ಮಗ್ಗುಲಿಗೆ ಮಾತ್ರ. ಹಳೆಯ ಖಾಲಿ ತೋಟಾ ಒಂದಕ್ಕೆ ಕಪ್ಪು ಮಾರ್ಕರ್ ಬಳಿದು, ಒಣಗಿಸಿ, ಬೆರಳಿನಿಂದಲೇ ಚೇಂಬರಿಗೆ ತಳ್ಳಿ ಹೊರತೆಗೆದೆ. ಮಸಿ ಅಳಿಸಿಹೋದದ್ದು ಅದೇ ಪಟ್ಟಿಯಲ್ಲಿ.

ಬೋಲ್ಟ್ ಇಲ್ಲದ ಕೋವಿಯ ಹಿಂದಿನಿಂದ ಟಾರ್ಚ್ ಬಿಟ್ಟೆ. ನಳಿಗೆಯ ಒಳಗು ಕನ್ನಡಿಯ ಹಾಗಿದೆ, ಮಳೆಗಾಲಕ್ಕೆ ಮುಂಚೆ ನಾನೇ ಎಣ್ಣೆಬಟ್ಟೆ ಎಳೆದಿದ್ದೆ. ಚೇಂಬರಿನ ಕೆಳಮಗ್ಗುಲಲ್ಲಿ ಕಂದು ಚುಕ್ಕೆಗಳು. ಬೆಂಕಿಕಡ್ಡಿಯ ತುದಿ ಆಡಿಸಿದರೆ ಮರಳು ಕಾಗದದ ತರಹ ಗರಗರ.

ಕಾರಣ ಹೊಳೆದಾಗ ಹೊಟ್ಟೆಯೊಳಗೆ ಕಲಸಿದಂತಾಯಿತು. ನಳಿಗೆಯ ರಂಧ್ರ 8 ಮಿಲಿಮೀಟರು. ಚೇಂಬರು ಬುಡದಲ್ಲಿ 12 ಮಿಲಿಮೀಟರಿಗೂ ಅಗಲ. ನಳಿಗೆಗೆ ಬಿಗಿಯಾಗಿ ಕೂರುವ ಬ್ರಷ್ಷು ಮತ್ತು ಬಟ್ಟೆ ಚೇಂಬರಿನ ಗೋಡೆಯನ್ನು ಮುಟ್ಟುವುದೇ ಇಲ್ಲ. ವರ್ಷಗಟ್ಟಲೆ ನಾನು ಶುಚಿ ಮಾಡಿದ್ದು ಗುಂಡು ಹೋಗುವ ದಾರಿಯನ್ನು, ತೋಟಾ ಕೂರುವ ಮನೆಯನ್ನಲ್ಲ. ಸಾಲದೆಂಬಂತೆ ಕೋವಿಯನ್ನು ಚರ್ಮದ ಚೀಲದಲ್ಲಿಟ್ಟು ಜಿಪ್ ಎಳೆದಿದ್ದೆ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಗೋಡೆಗೆ ತೂಗುಹಾಕಿದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಚರ್ಮ ನೀರಿನ ಪಸೆಯನ್ನು ಹೀರಿಕೊಂಡು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ.

ಈಡಾದ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ಗೋಡೆಗೆ ಅಂಟುತ್ತದೆ, ಒತ್ತಡ ಇಳಿದ ಕೂಡಲೇ ತುಸು ಕುಗ್ಗಿ ಬಿಡಿಸಿಕೊಳ್ಳುತ್ತದೆ. ಗೋಡೆ ನಯವಾಗಿದ್ದರೆ ಇಷ್ಟೇ. ತುಕ್ಕು ತಿಂದ ಗುಳಿಗಳಿದ್ದರೆ ಮೆತ್ತನೆಯ ಹಿತ್ತಾಳೆ ಅದರೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ. ಈಡಾಗದ ತೋಟಾ ಸಲೀಸಾಗಿ ಒಳಗೆ ಹೋದದ್ದು, ಈಡಾದ ಮೇಲೆ ಮಾತ್ರ ಹಠ ಹಿಡಿದದ್ದು ಯಾಕೆಂದು ಈಗ ತಿಳಿಯಿತು.

ಸೆಪ್ಟೆಂಬರ್ 12, ಗುರುವಾರ

ಪೇಟೆಯ ಕೋವಿ ರಿಪೇರಿಯವರ ಹತ್ತಿರ ಹೋಗಿದ್ದೆ. ಖಾಲಿ ತೋಟಾಗಳನ್ನೂ ಒಯ್ದಿದ್ದೆ. ಅವರು ಕೋವಿಗಿಂತ ಮೊದಲು ತೋಟಾವನ್ನೇ ಕೈಗೆತ್ತಿಕೊಂಡು ಬೆಳಕಿಗೆ ತಿರುಗಿಸಿ ನೋಡಿದರು. “ಇದನ್ನು ಬಿಸಾಡದೆ ತಂದಿರಲ್ಲ, ಅರ್ಧ ಕೆಲಸ ಆಯಿತು ಅಕ್ಕ.”

ಮನೆಯಲ್ಲೇ ಮರಳು ಕಾಗದ ಹಾಕಿ ತಿಕ್ಕಲೇ ಎಂದು ಕೇಳಿದ್ದಕ್ಕೆ ಬೇಡವೇ ಬೇಡ ಎಂದರು. ಚೇಂಬರಿನ ಆಕಾರ ಒಂದಿಷ್ಟು ಕೆಟ್ಟರೂ ತೋಟಾ ಒಂದು ಕಡೆ ಹೆಚ್ಚು ಉಬ್ಬುತ್ತದೆ, ಸೀಳಬಹುದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ಚೇಂಬರಿನ ಅಳತೆಯ ಕಂಚಿನ ಬ್ರಷ್ ಹಾಕಿ, ಆಮೇಲೆ ಅತಿ ನಯದ ಪಾಲಿಶ್ ಮಾತ್ರ ಮಾಡುತ್ತೇನೆ ಅಂದರು. ಆಳದ ಒಂದೆರಡು ಗುಳಿ ಉಳಿಯುತ್ತವೆ ಅಂತಲೂ ಮೊದಲೇ ಹೇಳಿದರು. ಕೊಕ್ಕೆ ಬದಲಾಯಿಸಲಿಲ್ಲ.

ಹೊರಡುವಾಗ ಇನ್ನೊಂದು ಮಾತು ಹೇಳಿದರು: ತುಕ್ಕಿನ ಭಯಕ್ಕೆ ಚೇಂಬರಿಗೆ ಎಣ್ಣೆ ಬಿಟ್ಟು ಹಾಗೇ ಹೊಡೆಯಬೇಡಿ. ಎಣ್ಣೆ ಇದ್ದರೆ ತೋಟಾ ಗೋಡೆಯನ್ನು ಹಿಡಿಯದೆ ಪೂರ್ತಿ ಭಾರವನ್ನು ಬೋಲ್ಟಿನ ಮೇಲೆ ಹೇರುತ್ತದೆ. ಇಡುವಾಗ ಎಣ್ಣೆ, ಹೊಡೆಯುವ ಮುಂಚೆ ಒಣಬಟ್ಟೆ.

ಸೆಪ್ಟೆಂಬರ್ 22, ಭಾನುವಾರ

ಪಕ್ಕದೂರಿನ ಸ್ಪರ್ಧೆಯ ಮೈದಾನ. ಚೇಂಬರನ್ನು ಎರಡು ಸಲ ಒಣಬಟ್ಟೆಯಿಂದ ಒರೆಸಿದೆ. ತೋಟಾಗಳನ್ನು ಜೀಪಿನ ಡ್ಯಾಶ್‌ಬೋರ್ಡಿನ ಬಿಸಿಲಲ್ಲಿ ಇಡದೆ ಚೀಲದಲ್ಲೇ ನೆರಳಿಗಿಟ್ಟೆ. ಮದ್ದು ಕಾದರೆ ಒತ್ತಡ ಏರುತ್ತದೆ, ನಾನು ನೋಡಬೇಕಾದ ಕಾರಣದ ಜೊತೆ ಇನ್ನೊಂದು ಬೆರೆಯುವುದು ಬೇಡ.

ಅದೇ ಡಬ್ಬಿಯ ಐದು ತೋಟಾ. ಪ್ರತಿ ಈಡಿನ ನಂತರ ಹಿಡಿ ಎತ್ತಿದೆ, ಎಳೆದೆ. ಐದೂ ಬಂದವು. ನಾಲ್ಕನೆಯದು ತುಸು ಬಿಗಿ ಅನ್ನಿಸಿತು, ಗುದ್ದಬೇಕಾಗಲಿಲ್ಲ. ಮಾವ ಐದನ್ನೂ ಹುಲ್ಲಿನಿಂದ ಹೆಕ್ಕಿ ಕೊಟ್ಟರು. ಒಂದರ ಮೈಯಲ್ಲಿ ಮಾತ್ರ ಎರಡು ಸಣ್ಣ ಗೀರು, ಮಿಕ್ಕವು ನಯ. ರಿಮ್ಮಿಗೆ ಗಾಯವಿಲ್ಲ.

ಚರ್ಮದ ಚೀಲವನ್ನು ಅಟ್ಟಕ್ಕೆ ಹಾಕಿದ್ದೇನೆ. ಹೊಸ ಕಂಚಿನ ಬ್ರಷ್ಷು ಅಪ್ಪನ ಡಬ್ಬಿಯಲ್ಲಿ, ಈ ಐದು ತೋಟಾಗಳ ಪಕ್ಕದಲ್ಲಿದೆ. ಕೊಕ್ಕೆ ಹಳೆಯದೇ.